ಕಡ ತಂದ ಎರಡು ಕಾಲು

ಪಕ್ಕದ ಮನೆಯಿಂದ ನೀವು ಏನೇನು ಕಡ ತಂದಿದ್ದೀರಿ? ಒಂದು ಲೋಟ ಸಕ್ಕರೆ, ಕಾಫಿ ಪುಡಿ, ಹೆಪ್ಪಿಗೆ ಒಂದು ಚಮಚ ಮೊಸರು, ತೀರಾ ಕಷ್ಟ ಬಂದರೆ ಒಂದು ಗ್ಯಾಸ್ ಸಿಲಿಂಡರ್. ಇಷ್ಟೇ ತಾನೆ?

ನಾನು ಈ ಮಂಗಳವಾರ ಕೋಳಿಯ ಕಾಲು ಕಡ ತಂದೆ. ಒಂದಲ್ಲ, ಎರಡು.

(ನಗಬೇಡಿ. ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮ ಮನೆಗೆ ಬಂದ ಫೋನ್ ನಿಮ್ಮ ಮನೆಗೆ ಬಂದಿದ್ದರೆ ನೀವೂ ಪಾತ್ರೆ ಹಿಡಿದು ಓಡುತ್ತಿದ್ದಿರಿ.)

ಶುರುವಿನಿಂದಲೇ ಹೇಳುತ್ತೇನೆ. ನಮ್ಮ ಮನೆಗೆ ವಾರಕ್ಕೆ ಒಂದು ಕೋಳಿ. ಮನೆಯಲ್ಲಿ ನಾಲ್ಕು ಜನ. ಸೊಸೈಟಿಯಲ್ಲಿ ಗುಮಾಸ್ತೆಯಾದ ನಾನು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದ ನಮ್ಮವರು, ಪಿಯುಸಿ ಓದುವ ಮಗಳು, ಮೂರು ವರ್ಷದಿಂದ ನಮ್ಮೊಟ್ಟಿಗೆ ಇರುವ ಅತ್ತೆ. ಭಾನುವಾರ ಬೆಳಿಗ್ಗೆ ಏಳೂವರೆಗೆ ಚೀಲ ಹಿಡಿದು ಕೋಳಿ ಅಂಗಡಿಗೆ ನಾನೇ ಹೋಗುತ್ತೇನೆ. ಇವರನ್ನು ಕಳಿಸುವುದಿಲ್ಲ. ಬಸ್ಸಿನ ಇಂಜಿನ್ ಬಿಚ್ಚಿ ಮತ್ತೆ ಜೋಡಿಸುವ ಮನುಷ್ಯನಿಗೆ ಕೋಳಿಯ ಯಾವ ಭಾಗ ಎಲ್ಲಿರುತ್ತದೆ ಎಂಬುದು ಇನ್ನೂ ಗೊತ್ತಾಗಿಲ್ಲ.

ಕೊಂಡರೆ ಇಡೀ ಕೋಳಿಯನ್ನೇ ಕೊಳ್ಳಬೇಕು. ಬರೀ ಎದೆ, ಬರೀ ಕಾಲು ಎಂದು ಪ್ಯಾಕೆಟ್ಟಿನಲ್ಲಿ ಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಲುಬು ಯಾರಿಗೆ ಬಿಟ್ಟಿರಿ? ಕುತ್ತಿಗೆ ಯಾರಿಗೆ? ರುಚಿ ಇರುವುದೇ ಅಲ್ಲಿ. ಇಡೀ ಕೋಳಿ ಅಗ್ಗ, ಪ್ಯಾಕೆಟ್ ತುಟ್ಟಿ. ಇಷ್ಟು ತಿಳಿಯಲು ಗುಮಾಸ್ತೆಯೇ ಆಗಬೇಕೆಂದಿಲ್ಲ.

ಮನೆಗೆ ತಂದವಳೇ ಕೋಳಿಯನ್ನು ನಾಲ್ಕು ಪಾಲು ಮಾಡುತ್ತೇನೆ. ಕಾಲು, ರೆಕ್ಕೆ, ಅದರ ಆಚೀಚಿನ ಮಾಂಸ ಭಾನುವಾರ ಮಧ್ಯಾಹ್ನದ್ದು. ಕಾಯಿ ಹುರಿದು ಮಸಾಲೆ ಅರೆದು ಗಟ್ಟಿ ಸಾರು, ಜೊತೆಗೆ ಅಕ್ಕಿ ರೊಟ್ಟಿ. ಆವತ್ತು ಮಾತ್ರ ನಮ್ಮದು ಶ್ರೀಮಂತರ ಮನೆ. ಲಿವರ್, ಗುಂಡಿಗೆ, ಹೀಗೆ ಹೊಟ್ಟೆಯೊಳಗಿನದ್ದು ಸಂಜೆಗೆ. ಕಾಳುಮೆಣಸು ಕುಟ್ಟಿ ಹಾಕಿ ಬಾಣಲೆಯಲ್ಲಿ ಎರಡು ಸಲ ಮಗುಚಿದರೆ ಆಯಿತು, ಗಂಜಿಗೆ ಅಷ್ಟು ಸಾಕು. ಎದೆಯ ಭಾಗವನ್ನು ಅರಿಶಿನ ಉಪ್ಪು ಹಾಕಿ ಬೇಯಿಸಿ, ಆರಿದ ಮೇಲೆ ಕೈಯಲ್ಲಿ ಎಳೆ ಎಳೆಯಾಗಿ ಬಿಡಿಸಿ ಡಬ್ಬದಲ್ಲಿ ಇಡುತ್ತೇನೆ. ಬೆಂದ ನೀರನ್ನು ಚೆಲ್ಲುವುದಿಲ್ಲ. ಚೆಲ್ಲಿದವರನ್ನು ನಾನು ಕ್ಷಮಿಸುವುದಿಲ್ಲ.

ಸೋಮವಾರ ಆ ಎಳೆಗಳಿಗೆ ನಾಲ್ಕು ಈರುಳ್ಳಿ, ಒಂದು ಹಿಡಿ ಕಾಯಿತುರಿ ಹಾಕಿ ಸುಕ್ಕಾ. ಮಗಳ ಡಬ್ಬಿಗೆ ಚಪಾತಿಯಲ್ಲಿ ಸುತ್ತಿ ಕೊಟ್ಟರೆ ಅವಳ ಗೆಳತಿಯರು ಹೋಟೆಲಿನದ್ದು ಎಂದುಕೊಳ್ಳುತ್ತಾರಂತೆ. (ಸೋಮವಾರ ಅತ್ತೆ ಮಾಂಸ ಮುಟ್ಟುವುದಿಲ್ಲ. ನಮ್ಮ ಉಳಿತಾಯಕ್ಕೆ ದೇವರ ಕಡೆಯಿಂದಲೂ ಸ್ವಲ್ಪ ಸಹಾಯ.) ಮಂಗಳವಾರಕ್ಕೆ ಉಳಿಯುವುದು ಬೆನ್ನು, ಕುತ್ತಿಗೆ, ಪಕ್ಕೆಯ ಎಲುಬು. ಅವನ್ನು ಕುಕ್ಕರಿಗೆ ಹಾಕಿ, ಎತ್ತಿಟ್ಟ ನೀರು ಸುರಿದು, ಬೆಳ್ಳುಳ್ಳಿ, ಜೀರಿಗೆ, ಒಂದು ಬೊಗಸೆ ಹಲಸಿನ ಬೀಜ ಸೇರಿಸಿ ಐದಾರು ಸೀಟಿ ಹೊಡೆಸಿದರೆ ಒಂದು ಸಾರು ಆಗುತ್ತದೆ ನೋಡಿ, ಭಾನುವಾರದ್ದಕ್ಕಿಂತ ನನಗೆ ಇದೇ ಇಷ್ಟ.

ಒಂದು ಕೋಳಿ, ನಾಲ್ಕು ಊಟ. ಈ ವಿದ್ಯೆಯ ಬಗ್ಗೆ ನನಗೆ ಜಂಬ ಇದೆ, ಮುಚ್ಚಿಡುವುದಿಲ್ಲ. ಇದೇ ಜಂಬದಿಂದ ಮೂರು ವರ್ಷದ ಹಿಂದೆ ನಮ್ಮ ಮನೆಗೆ ಬೆಂಕಿ ಬಿತ್ತು ಎಂಬುದನ್ನೂ ಮುಚ್ಚಿಡಬಾರದು.

ಅತ್ತೆ ಹೇರೂರಿನವರು. ಅಲ್ಲಿ ದೊಡ್ಡ ಮಗನ ಮನೆ. ಮಂಡಿ ನೋವಿಗೆ ಶಿರಸಿಯ ಡಾಕ್ಟರೇ ಆಗಬೇಕು ಎಂದು ಅವರು ನಮ್ಮಲ್ಲಿಗೆ ಬಂದ ವಾರ, ಎಲ್ಲರೂ ನೋಡಲು ಬಂದರು. ಹೇರೂರಿನಿಂದ ಮೂರು ಜನ, ಯಲ್ಲಾಪುರದಿಂದ ನಾದಿನಿ ಸುಜಾತ ಮತ್ತು ಅವಳ ಗಂಡ. ನಮ್ಮ ನಾಲ್ವರನ್ನೂ ಸೇರಿಸಿ ಒಂಬತ್ತು. ತಿಂಗಳ ಕೊನೆ ಬೇರೆ. ಇನ್ನೊಂದು ಕೋಳಿ ತರಬಹುದಿತ್ತು. ತರಲಿಲ್ಲ. ಒಂದರಲ್ಲೇ ಒಂಬತ್ತು ಜನಕ್ಕೆ ಬಡಿಸಿ ತೋರಿಸುತ್ತೇನೆ ಎಂಬ ಹಮ್ಮು. ಅಂಗಡಿಯವನು ದೊಡ್ಡ ಪೀಸಾ, ಸಣ್ಣ ಪೀಸಾ ಎಂದು ಕೇಳಿದ. ಸಣ್ಣದು, ಎಷ್ಟು ಸಣ್ಣ ಆಗುತ್ತದೋ ಅಷ್ಟು, ಎಂದೆ.

ಕಾಲನ್ನೂ ಕೊಚ್ಚಿಬಿಟ್ಟ. ನಾನು ನೋಡುತ್ತಲೇ ಇದ್ದೆ. ಹೊಳೆಯಲೇ ಇಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಮನೆಯ ಅಳಿಯ ಊಟಕ್ಕೆ ಕೂತರೆ ಅವನ ಎಲೆಗೆ ಇಡೀ ಕಾಲು ಬೀಳಬೇಕು. ಅದು ಬರೀ ಮಾಂಸದ ತುಂಡಲ್ಲ. ನಿಮಗಾಗಿಯೇ ಕೋಳಿ ಕೊಯ್ದೆವು, ಯಾರದ್ದೋ ಉಳಿಕೆ ಬಡಿಸುತ್ತಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಕಾಲಿಲ್ಲದ ಸಾರು ಬಡಿಸಿದರೆ ಬಂದದ್ದು ಸಾಕು, ಹೊರಡಿ ಎಂದ ಹಾಗೆ.

ಆವತ್ತು ಬಟಾಟೆ, ಹಲಸಿನ ಬೀಜ, ಸಣ್ಣ ಸಣ್ಣ ತುಂಡು ಸೇರಿ ಸಾರು ದೊಡ್ಡ ಪಾತ್ರೆ ತುಂಬ ಆಯಿತು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ನಾನು ಒಳಗೊಳಗೇ ಬೀಗುತ್ತಿದ್ದೆ. ಸುಜಾತ ಮಾತ್ರ ಗಂಡನ ತಟ್ಟೆಯನ್ನೇ ನೋಡುತ್ತಿದ್ದಳು. ಕೈ ತೊಳೆದು ಬಂದವಳು ಎಲ್ಲರೆದುರಿಗೇ ಕೇಳಿದಳು.

“ಎಂತ ಅತ್ತಿಗೆ, ನಮ್ಮನೆಯವ್ರಿಗೆ ಒಂದು ಕಾಲಿನ ಯೋಗ್ಯತೆನೂ ಇಲ್ವಾ?”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಹೊಟ್ಟೆ ತುಂಬ್ತೋ ಇಲ್ವೋ ನೋಡು, ಕಾಲು ಎಣಿಸ್ತಾ ಕೂತ್ಕೊಬೇಡ” ಎಂದೆ.

ಆಗಬಾರದ ಮಾತು. ಬಾಯಿಯಿಂದ ಬಿದ್ದಾಗಲೇ ಗೊತ್ತಾಯಿತು. ಅವಳು ಬ್ಯಾಗ್ ತಗೊಂಡು ಚಹಾವನ್ನೂ ಕುಡಿಯದೆ ಹೊರಟಳು. ಅವಳ ಗಂಡ, ನಮ್ಮ ಭಾವ, ಪಾಪ, ಚಪ್ಪಲಿ ಹುಡುಕುತ್ತಾ ಹಿಂದೆ ಹೋದರು. ಆಮೇಲೆ ಮೂರು ವರ್ಷ ಸುಜಾತ ನಮ್ಮ ಹೊಸಿಲು ತುಳಿಯಲಿಲ್ಲ. ಅತ್ತೆಗೆ ಫೋನ್ ಮಾಡುತ್ತಿದ್ದಳು. ನಾನು ಎತ್ತಿದರೆ ಕಟ್. ಶಿರಸಿಗೆ ಬಂದು ಹೋದದ್ದೂ ಉಂಟಂತೆ. ಇಲ್ಲಿಯ ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಗೆ ನಡೆದರೆ ಹತ್ತು ನಿಮಿಷ. ಯಲ್ಲಾಪುರದಿಂದ ಇಷ್ಟು ದೂರ ಬಂದವಳಿಗೆ ಆ ಹತ್ತು ನಿಮಿಷ ಬರಲಾಗಲಿಲ್ಲ.

ಅತ್ತೆ ನನ್ನನ್ನು ಒಂದು ದಿನವೂ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಭಾನುವಾರ ನಾನು ಅಂಗಡಿಗೆ ಹೊರಟಾಗ ಮಾತ್ರ ಜಗಲಿಯಿಂದ ಒಂದೇ ಮಾತು. “ಕಾಲು ಇಡೀ ಇರ್ಲಿ ಹಾಂ. ಯಾರಾದ್ರೂ ಬಂದ್ರೆ ಬೇಕಾಗ್ತದೆ.”

ಯಾರಾದರೂ ಎಂದರೆ ಯಾರು ಎಂದು ನಾನು ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಮೂರು ವರ್ಷ ಕಾಲು ಇಡಿಯಾಗಿಯೇ ಬಂತು. ಇಡಿಯಾಗಿಯೇ ಬೆಂದಿತು. ಮಧ್ಯಾಹ್ನ ಒಂದೂವರೆಯವರೆಗೆ ಅತ್ತೆ ಗೇಟಿನ ಕಡೆ ನೋಡುವರು. ಆಮೇಲೆ “ಬಡ್ಸು, ಹಸಿವಾಗಿರ್ತದೆ ಮಗೀಗೆ” ಎನ್ನುವರು. ಕಾಲು ಒಂದು ಮಗಳಿಗೆ, ಒಂದು ಇವರಿಗೆ. ಕಾಯುವುದು ಮುಂದಿನ ಭಾನುವಾರಕ್ಕೆ ಹೋಗುತ್ತಿತ್ತು.

ಕಡೆಗೆ ಅವಳು ಬಂದದ್ದು ಯಾವತ್ತು? ಮಂಗಳವಾರ!

ಆವತ್ತು ಯಾವುದೋ ಜಯಂತಿಯ ರಜೆ. ನಾನು ಬಟ್ಟೆ ಒಗೆಯುತ್ತಿದ್ದೆ. ಒಳಗಿನಿಂದ ಅತ್ತೆ ಕೂಗಿದ ಕೂಗಿಗೆ ಬಿದ್ದೇಬಿಟ್ಟರು ಎಂದುಕೊಂಡು ಸೋಪಿನ ಕೈಯಲ್ಲೇ ಓಡಿದೆ. ನೋಡಿದರೆ ಕೈಯಲ್ಲಿ ಫೋನ್, ಕಣ್ಣಲ್ಲಿ ನೀರು.

“ಸುಜಾತ ಬತ್ತದಂತೆ ಕಣೇ! ಅಳಿಯಂದ್ರೂ ಬತ್ತಾರಂತೆ. ಶಿರಸಿಗೆ ಬಂದಾಗಿದೆ. ಡಾಕ್ಟ್ರ ಹತ್ರ ಕೆಲ್ಸ ಅಂತೆ, ಮುಗಿಸ್ಕೊಂಡು ಊಟಕ್ಕೆ ಬತ್ತಾರಂತೆ.”

“ಯಾವ ಡಾಕ್ಟ್ರು? ಎಂತಾಗಿದೆ?”

“ಅದೆಲ್ಲಾ ಕೇಳ್ಲಿಲ್ಲ. ಬಾ ಅಂದೆ.” ಆಮೇಲೆ ದನಿ ತಗ್ಗಿಸಿದರು. “ಕಾಲು ಇದ್ಯನೇ?”

ಕಾಲು ಎಲ್ಲಿಂದ ಬರಬೇಕು? ಕಾಲು ಭಾನುವಾರವೇ ಮುಗಿದಿತ್ತು. ಫ್ರಿಜ್ಜಿನಲ್ಲಿದ್ದದ್ದು ಒಂದು ಡಬ್ಬ ಎಲುಬು, ಒಂದು ಹಿಡಿ ಬಿಡಿಸಿದ ಎಳೆ. ಕೋಳಿ ತರೋಣವೆಂದರೆ ಜಯಂತಿಯ ದೆಸೆಯಿಂದ ಊರಿನ ಮಾಂಸದ ಅಂಗಡಿಗಳೆಲ್ಲ ಬಂದ್. ಮೂರು ವರ್ಷ ತೆರೆದಿದ್ದ ಅಂಗಡಿ ಇವತ್ತೇ ಮುಚ್ಚಬೇಕೇ? ಇವರಿಗೆ ಫೋನ್ ಮಾಡಿದೆ.

“ಎಂತಾದ್ರೂ ಮಾಡು ಮಾರಾಯ್ತಿ, ನಾನು ಬಸ್ಸಿನ ಅಡಿಗೆ ಮಲಗಿದ್ದೇನೆ. ಮೊಟ್ಟೆ ಸಾರು ಮಾಡ್ಬಿಡು” ಎಂದರು.

ಮೊಟ್ಟೆಗೆ ಕಾಲು ಇರುತ್ತದಾ? ಹೇಳಿ. ಇಟ್ಟೆ ಫೋನು.

ಆಗ ನೆನಪಾದದ್ದು ರೋಜಿ ಬಾಯಿ. ನಮ್ಮ ಪಕ್ಕದ ಮನೆ. ನರ್ಸ್ ಆಗಿ ರಿಟೈರ್ ಆದವರು. ಅವರ ಫ್ರೀಜರಿನಲ್ಲಿ ಮೀನು, ಮಾಂಸ, ಹೆಸರು ಗೊತ್ತಿಲ್ಲದ್ದು ಎಲ್ಲ ಇರುತ್ತದೆ. ಸ್ಟೀಲಿನ ಪಾತ್ರೆ ಹಿಡಿದು ಹೋದೆ.

“ಬಾಯಿ, ನಿಮ್ಮಲ್ಲಿ... ಕಾಲು ಉಂಟಾ?”

“ಕಾಲಾ?”

“ಕೋಳಿದು. ಎರಡು. ನಾದಿನಿ ಬರ್ತಿದಾಳೆ. ಗಂಡನೂ.”

“ಯಾವ ನಾದಿನಿ? ಆ ಕಾಲಿನ ಜಗಳದವಳಾ?” (ಓಣಿಗೇ ಗೊತ್ತು. ನಾನೇ ಹೇಳಿಕೊಂಡು ಅತ್ತಿದ್ದೆ.) ರೋಜಿ ಬಾಯಿ ಒಳಗೆ ಹೋಗಿ ಕಲ್ಲಿನಂತಾಗಿದ್ದ ಎರಡು ಕಾಲು ತಂದು ಪಾತ್ರೆಗೆ ಹಾಕಿದರು. ಟಣ್ ಎಂದಿತು. “ಮೊಮ್ಮಗನಿಗೆ ಅಂತ ಇಟ್ಟದ್ದು. ಶನಿವಾರ ಬರ್ತಾನೆ ಅವ್ನು. ಅಷ್ಟ್ರೊಳಗೆ ವಾಪಸ್ ಬರ್ಬೇಕು ಹಾಂ. ಒಂದೇ ಸೈಜಿಂದು ಎರಡು.”

ಕೈಗಡ ಗೊತ್ತಿತ್ತು. ಕಾಲುಗಡ ಆವತ್ತೇ ಮೊದಲು.

ಆಮೇಲಿನ ಒಂದೂವರೆ ತಾಸು ನಾನು ಹೇಗೆ ಓಡಾಡಿದೆನೋ ನನಗೇ ಗೊತ್ತಿಲ್ಲ. ಕಾಲನ್ನು ಬಿಸಿನೀರಿಗೆ ಹಾಕಿ ಕರಗಿಸಿದೆ. ಮಗಳಿಗೆ ಬೆಳ್ಳುಳ್ಳಿ ಸುಲಿಯಲು ಹಚ್ಚಿದೆ. ಕುಕ್ಕರಿನಲ್ಲಿ ಎಲುಬಿನ ಸಾರು ಸೀಟಿ ಹೊಡೆಯುತ್ತಿತ್ತು. ಪಕ್ಕದ ಒಲೆಯಲ್ಲಿ ಕಾಲು ಮಸಾಲೆಯಲ್ಲಿ ಹುರಿಯುತ್ತಿತ್ತು. ನನ್ನ ಪ್ಲಾನ್ ಇಷ್ಟೇ. ಸಾರು ಬಡಿಸುವುದು, ಮೇಲೆ ಎರಡು ಕಾಲು ಇಡುವುದು, ಇವತ್ತೇ ಕೊಯ್ದ ಕೋಳಿ ಎಂಬಂತೆ ಮುಖ ಮಾಡುವುದು. ಕಾಲು ರೋಜಿ ಬಾಯಿಯ ಮನೆಯದು, ಎಲುಬು ನಮ್ಮ ಮನೆಯದು. ಬೇರೆ ಬೇರೆ ಎರಡು ಕೋಳಿಗಳು ನನ್ನ ಒಲೆಯ ಮೇಲೆ ಒಂದಾಗುತ್ತಿದ್ದವು.

ಅಡುಗೆಮನೆ ಬಾಗಿಲಲ್ಲಿ ಅತ್ತೆ. “ಬೆಂತಾ?” ಎರಡು ನಿಮಿಷಕ್ಕೆ ಮತ್ತೆ, “ಬೆಂತನೇ?”

“ಬೇಯ್ತದೆ ಅತ್ತೆ, ಕೂತ್ಕೊಳಿ.”

ಅವರು ಕೂರಲಿಲ್ಲ. ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟುಕೊಂಡಿದ್ದರು. ಇವತ್ತೂ ಏನಾದರೂ ಎಡವಟ್ಟಾಗಿ ಸುಜಾತ ಎದ್ದುಹೋದರೆ ಇವರು ಇನ್ನೊಂದು ಸಲ ಆ ಸೀರೆ ಉಡುವುದಿಲ್ಲ ಎಂದು ನನಗೆ ಗೊತ್ತಿತ್ತು. ದೇವರೇ, ಈ ಕಾಲು ಸರಿಯಾಗಿ ಬೇಯಲಿ ಎಂದು ಬೇಡಿಕೊಂಡೆ. (ದೇವರಿಗೂ ಇಂಥ ಹರಕೆ ಹೊಸತಿರಬೇಕು.)

ಒಂದು ಗಂಟೆಗೆ ಆಟೋ ನಿಂತಿತು. ಸುಜಾತ ಇಳಿದಳು. ಮೂರು ವರ್ಷದಲ್ಲಿ ಕೂದಲು ನರೆತಿತ್ತು. ಅತ್ತೆ ಕೋಲು ಬಿಟ್ಟು ಮೆಟ್ಟಿಲು ಇಳಿದುಬಿಟ್ಟರು, ನಾನು ಹಿಡಿಯುವಷ್ಟರಲ್ಲಿ ಇಬ್ಬರೂ ಅಂಗಳದ ಮಧ್ಯೆ ಅಪ್ಪಿಕೊಂಡು ನಿಂತಿದ್ದರು. ಆಟೋದ ಆಚೆ ಬದಿಯಿಂದ ಭಾವ ಇಳಿದರು. ಕೆನ್ನೆಗೆ ಕರವಸ್ತ್ರ ಒತ್ತಿ ಹಿಡಿದಿದ್ದರು. ಕೆನ್ನೆ ಎಂದರೆ, ಬಾಯೊಳಗೆ ಒಂದು ಇಡೀ ನಿಂಬೆಹಣ್ಣು ಇಟ್ಟುಕೊಂಡ ಹಾಗಿತ್ತು.

“ಎಂತಾಯ್ತು ಭಾವ?”

ಅವರು ಎರಡು ಬೆರಳು ಎತ್ತಿ ತೋರಿಸಿದರು.

ಸುಜಾತ ನನ್ನ ಕಡೆ ನೋಡದೆ ಹೇಳಿದಳು. “ದವಡೆ ಹಲ್ಲು ಎರಡು ಕೀಳ್ಸಿದ್ದು. ಹತ್ತಿ ಕಚ್ಕೊಂಡಿದಾರೆ. ಎಂತಾದ್ರೂ ಮೆತ್ತಗಿದ್ದು ಉಂಡು ಮಾತ್ರೆ ತಗೊಳ್ಬೇಕಂತೆ. ಖಾರ ಆಗೂದಿಲ್ಲ, ಬಿಸಿ ಆಗೂದಿಲ್ಲ, ಅಗಿಯೂಕೂ ಆಗೂದಿಲ್ಲ. ಹೋಟ್ಲಲ್ಲಿ ಅಂಥದ್ದು ಎಂತ ಸಿಗ್ತದೆ? ಅದಕ್ಕೇ...” ಸೆರಗು ಸರಿಮಾಡಿಕೊಂಡಳು. “ಅದಕ್ಕೇ ಇಲ್ಲಿಗೆ ಬಂದ್ವಿ.”

ನನ್ನ ಬೆನ್ನ ಹಿಂದೆ, ಅಡುಗೆಮನೆಯಲ್ಲಿ, ಎರಡು ಕಾಲು ಘಮ್ಮೆನ್ನುತ್ತಿದ್ದವು.

ಈಗ ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕಾಲು ಬಡಿಸಿದರೆ ತಿನ್ನಲಾಗದವನ ಎದುರು ಇಟ್ಟು ಹಂಗಿಸಿದ ಹಾಗೆ. ಬಡಿಸದಿದ್ದರೆ ಮೂರು ವರ್ಷದ ಹಿಂದಿನ ಕತೆ ಮತ್ತೆ ಶುರು. ಅತ್ತೆಯ ಮುಖ ನೋಡಿದೆ. “ಇಡು. ತಿನ್ನದು ಬಿಡದು ಅವ್ರಿಗೆ ಬಿಟ್ಟದ್ದು” ಎಂದು ಪಿಸುಗುಟ್ಟಿದರು.

ಹತ್ತಿ ತೆಗೆಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಅಷ್ಟರಲ್ಲಿ ಅನ್ನಕ್ಕೆ ಇನ್ನಷ್ಟು ನೀರು ಹಾಕಿ ಮುದ್ದೆಯಾಗುವಂತೆ ಬೇಯಿಸಿದೆ. ಎಲುಬಿನ ಸಾರನ್ನು ಅಗಲ ಪಾತ್ರೆಗೆ ಸುರಿದು ಆರಿಸಿದೆ. ಮೆಣಸಿನ ಪುಡಿ ಇನ್ನೂ ಹಾಕಿರಲಿಲ್ಲ, ಬದುಕಿದೆ. ಹಲಸಿನ ಬೀಜವನ್ನು ಸೌಟಿನಲ್ಲೇ ನುರಿದೆ. ಉಳಿದಿದ್ದ ಎಳೆಗಳನ್ನು ಇನ್ನೂ ಸಣ್ಣಗೆ ಬಿಡಿಸಿ ಮೇಲೆ ಹಾಕಿದೆ. ಹಲ್ಲಿಲ್ಲದವನಿಗೆ ಇದಕ್ಕಿಂತ ಒಳ್ಳೆಯ ಊಟವನ್ನು ಯಾವ ಡಾಕ್ಟರ್ ಬರೆದುಕೊಡುತ್ತಾನೆ?

ಆದರೂ ಭಾವ ಕೂತ ಮೇಲೆ ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ಆ ಎರಡು ಕಾಲು ಇಟ್ಟೆ. ಕೆಂಪಗೆ, ಎಣ್ಣೆ ಹೊಳೆಯುತ್ತಾ, ಇಡಿಯಾಗಿ.

ಭಾವ ನೋಡಿದರು. ಸುಜಾತ ನೋಡಿದಳು. ಭಾವ ಯಲ್ಲಾಪುರ ತಾಲೂಕಿನ ಮೂಡಲ ಅಂಚಿನವರು, ಹುಬ್ಬಳ್ಳಿ ಕಡೆಯ ಮಾತು. ನಾಲಿಗೆ ಇನ್ನೂ ಸರಿಯಾಗಿ ತಿರುಗುತ್ತಿರಲಿಲ್ಲ. “ವೈನಿ, ಇದನ್ನ ಹೆಂಗ ತಿನ್ನಲ್ರೀ?” ಎಂದರು. ಬೇಸರದಿಂದಲ್ಲ, ನಿಜವಾದ ಸಂಕಟದಿಂದ. ನನ್ನ ಮರ್ಯಾದೆ ಉಳಿಸಲು ಆ ಮನುಷ್ಯ ಕೈ ಕೂಡ ಚಾಚಿದ್ದರು!

ಸರಿಯಾಗಿ ಆಗಲೇ ಬಾಗಿಲಲ್ಲಿ ರೋಜಿ ಬಾಯಿ.

“ಕಾಲು ಬೆಂದ್ತಾ? ಫ್ರೀಜರಿಂದು, ಜಾಸ್ತಿ ಹೊತ್ತು ಬೇಯ್ಸಿ ಅಂತ ಹೇಳುದು ಮರ್ತುಹೋಯ್ತು ನಂಗೆ.”

ಭೂಮಿ ಬಾಯಿ ಬಿಡಬಾರದಿತ್ತೇ ಎನಿಸಿತು. ರೋಜಿ ಬಾಯಿ ಒಂದೊಂದೇ ಮುಖ ನೋಡಿದರು, ಅರ್ಥವಾಯಿತು, ನಾಲಿಗೆ ಕಚ್ಚಿಕೊಂಡು ಬಂದಷ್ಟೇ ವೇಗದಲ್ಲಿ ಮಾಯವಾದರು.

“ಕಾಲು ಅವ್ರದ್ದಾ?” ಸುಜಾತ ಕೇಳಿದಳು.

ಸುಳ್ಳು ಹೇಳಬಹುದಿತ್ತು. ಆದರೆ ನನಗೆ ಸಾಕಾಗಿಹೋಗಿತ್ತು. ಓಡಿ ಸಾಕಾಗಿತ್ತು, ಮೂರು ವರ್ಷ ಒಳಗೇ ಇಟ್ಟುಕೊಂಡು ಸಾಕಾಗಿತ್ತು. ಸೌಟು ಹಿಡಿದುಕೊಂಡೇ ಎಲ್ಲಾ ಹೇಳಿಬಿಟ್ಟೆ. “ಹೌದು, ಕಡ ತಂದದ್ದು. ಸಾರು ಭಾನುವಾರದ ಕೋಳಿಯ ಎಲುಬಿಂದು. ಇವತ್ತು ಅಂಗಡಿ ಇಲ್ಲ, ನಿಂಗೆ ಮತ್ತೆ ಬೇಜಾರಾಗ್ಬಾರ್ದು ಅಂತ ಹೀಗೆ ಮಾಡ್ದೆ. ಆವತ್ತೂ ಅಷ್ಟೇ. ಒಂದೇ ಕೋಳಿ, ಒಂಬತ್ತು ಜನ. ಸಣ್ಣ ಸಣ್ಣ ಕಡ್ಸಿದ್ದೆ, ಕಾಲೂ ಅದ್ರಲ್ಲೇ ಹೋಯ್ತು. ಆಮೇಲೆ ಬಾಯಿಗೆ ಬಂದ ಹಾಗೆ ಮಾತಾಡ್ದೆ. ತಪ್ಪಾಯ್ತು ಸುಜಾತ.”

ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ.

“ಒಂದಾ?” ಎಂದಳು. “ಆವತ್ತು ಒಂದೇ ಕೋಳಿಯಾ?”

“ಒಂದೇ.”

“ಸುಳ್ಳು ಹೇಳ್ಬೇಡಿ ಅತ್ತಿಗೆ. ಎಲ್ಲಾರೂ ಎರಡೆರಡು ಸಲ ಹಾಕ್ಕೊಂಡ್ವಿ. ಪಾತ್ರೆಯಲ್ಲಿ ಇನ್ನೂ ಇತ್ತು. ನಾನು ಎರಡು ಕೋಳಿ ಅಂತ ತಿಳ್ಕೊಂಡಿದ್ದೆ! ಎರಡು ಕೋಳಿಗೆ ನಾಕು ಕಾಲು. ನಾಕರಲ್ಲಿ ಒಂದೂ ಇವ್ರಿಗೆ ಬೀಳ್ಲಿಲ್ಲ ಅಂದ್ರೆ ಒಳಗೆ ಎತ್ತಿ ಇಟ್ಟಿದಾರೆ ಅಂತಲೇ ಆಯ್ತಲ್ಲ? ಮೂರು ವರ್ಷ ನಾನು ಆ ನಾಕು ಕಾಲು ಯಾರು ತಿಂದ್ರು, ಯಾರು ತಿಂದ್ರು ಅಂತ...”

ಮಾತು ಮುಗಿಯಲಿಲ್ಲ. ಅವಳಿಗೆ ನಗು ಬಂತು. ಅಳುವೂ ಬಂತು. ಭಾವನಿಗೆ ನಗು ತಡೆಯಲಾಗದೆ ಕೆನ್ನೆ ಹಿಡಿದುಕೊಂಡು “ಅಯ್ಯಯ್ಯೋ, ನಗಸಬ್ಯಾಡ್ರಿ, ಹೊಲಿಗಿ ಬಿಚ್ಚತಾವು” ಎಂದು ಒದ್ದಾಡಿದರು. ನಾನು ಸೌಟು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಎಷ್ಟು ಹಗುರ ಆಯಿತೆಂದರೆ, ಆ ಹಗುರವನ್ನು ತಡೆದುಕೊಳ್ಳುವುದೇ ಕಷ್ಟವಾಯಿತು.

ಯೋಚಿಸಿ ನೋಡಿ. ಒಂದು ಕೋಳಿ ಎರಡರಂತೆ ಕಾಣುವ ಹಾಗೆ ಅಡುಗೆ ಮಾಡಿದ್ದೇ ನನ್ನ ತಪ್ಪಾಗಿತ್ತು. ಒಂದೇ ಕೋಳಿ ತಂದದ್ದು ಎಂದು ಹೇಳಿಕೊಳ್ಳಲು ನನಗೆ ನಾಚಿಕೆ. ಎಷ್ಟು ಕೋಳಿ ಎಂದು ಕೇಳಲು ಅವಳಿಗೆ ಬಿಗುಮಾನ. ಒಂದು ಫೋನಿನಲ್ಲಿ, ಎರಡು ನಿಮಿಷದಲ್ಲಿ ಮುಗಿಯುವುದನ್ನು ನಾವಿಬ್ಬರೂ ಮೂರು ವರ್ಷ ಕುದಿಸಿದೆವು.

ಅತ್ತೆ ಮಾತ್ರ ನಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಇಬ್ಬರನ್ನೂ ಸಮವಾಗಿ ಬೈದರು. “ಮೂರು ವರ್ಷ ನನ್ ಹೊಟ್ಟೆ ಉರಿಸಿದ್ರಲ್ಲೇ, ಮೂಳಿಗಳಾ! ಒಬ್ಳಿಗೆ ಬಾಯಿ ಜಾಸ್ತಿ, ಒಬ್ಳಿಗೆ ಬಿಂಕ ಜಾಸ್ತಿ.” ಆಹಾ, ಎಂಥ ಬೈಗುಳ! ಮೂರು ವರ್ಷದಿಂದ ನಾನು ಕಾದದ್ದು ಇದಕ್ಕೇ.

ಆಮೇಲೆ ಅವರು ಆ ಕಾಲಿನ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಒಂದು ಕಾಲನ್ನು ತೆಗೆದು ಸುಜಾತನ ತಟ್ಟೆಗೆ ಹಾಕಿದರು. ಇನ್ನೊಂದನ್ನು ನನ್ನತ್ತ ಚಾಚಿದರು. “ನೀ ಹಿಡಿ. ನನ್ನೆದ್ರೇ ತಿನ್ನಿ ಇಬ್ರೂ.”

“ನಂಗ್ಯಾಕವ್ವ?” ಎಂದಳು ಸುಜಾತ. ಕಾಲನ್ನು ಮುಟ್ಟದೆ ನೋಡುತ್ತಿದ್ದಳು. “ನಾನು ಇಡೀ ಕಾಲು ತಿಂದದ್ದು ನೆನಪೇ ಇಲ್ಲ.”

ಅತ್ತೆಯ ಕೈ ಅಲ್ಲೇ ನಿಂತಿತು. ಹೇರೂರಿನ ಮನೆಯಲ್ಲಿ ಕಾಲು ಗಂಡುಮಕ್ಕಳಿಗೆ. ಅವಳ ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಮಾವನಿಗೆ, ಮೈದುನನಿಗೆ, ಬಂದ ಅಳಿಯಂದಿರಿಗೆ. ಅವಳ ಬಾಲ್ಯದಲ್ಲಿ ಬಡಿಸಿದ ಕೈ ಇದೇ ಅತ್ತೆಯದು. ಅವರಿಗೂ ಅದು ಆಗ ಹೊಳೆದಿರಬೇಕು. “ಈಗ ತಿನ್ನು ಮಗಾ” ಎಂದರು, ದನಿ ಬೇರೆಯೇ ಆಗಿತ್ತು. ನನ್ನ ಲೆಕ್ಕ ಹಾಕಿದೆ. ನಾಲ್ಕು ಪಾಲು ಮಾಡುವ ನಾನು, ನನ್ನ ಪಾಲಿಗೆ ಕಾಲು ಎಂದಾದರೂ ಹಾಕಿಕೊಂಡಿದ್ದೆನೇ? ಇಲ್ಲ. ಯಾರೂ ಬೇಡವೆಂದಿರಲಿಲ್ಲ. ನಾನೇ ಹಾಕಿಕೊಂಡಿರಲಿಲ್ಲ.

ತಿಂದೆವು. ಎದುರು ಬದುರು ಕೂತು, ಎರಡೂ ಕೈ ಹಚ್ಚಿ, ಎಲುಬು ಬೆಳ್ಳಗಾಗುವವರೆಗೆ. ಸುಜಾತನ ಗದ್ದಕ್ಕೆ ಎಣ್ಣೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಪಕ್ಕದಲ್ಲಿ ಭಾವ ಆರಿದ ಎಲುಬಿನ ಸಾರನ್ನು ಸುರಿದುಕೊಂಡು ಸುರಿದುಕೊಂಡು ಉಂಡರು. “ವೈನಿ, ಇನ್ನೊಂದ್ ವಾಟಿ ಹಾಕ್ರಿ” ಎಂದು ಮೂರು ಸಲ ಬಟ್ಟಲು ಚಾಚಿದರು. ಭಾನುವಾರದ ಕೋಳಿ ಮಂಗಳವಾರ ಎಂಥ ಕೆಲಸಕ್ಕೆ ಬಂತು ನೋಡಿ!

ಸಂಜೆ ಯಲ್ಲಾಪುರದ ಬಸ್ಸಿಗೆ ಹೊರಡುವ ಮೊದಲು ಸುಜಾತ ಅಡುಗೆಮನೆಗೆ ಬಂದು ಫ್ರಿಜ್ ಬಾಗಿಲು ತೆಗೆದು ನಿಂತಳು. ಎದೆ ಭಾಗ ಎಷ್ಟು ಹೊತ್ತು ಬೇಯಿಸುತ್ತೀರಿ, ನೀರು ಎಷ್ಟು ದಿನ ಇರುತ್ತದೆ, ಬೀಜ ಮೊದಲೇ ಹಾಕುವುದಾ ಆಮೇಲಾ. ಎಲ್ಲ ಕೇಳಿದಳು. ನಾನೂ ಜಂಬದಿಂದಲೇ ಹೇಳಿಕೊಟ್ಟೆ. ಗೇಟಿನ ಹತ್ತಿರ ತಿರುಗಿ, “ಭಾನುವಾರ ಬರ್ತೀವಿ ಅತ್ತಿಗೆ. ಕೋಳಿ ಒಂದೇ ಸಾಕು” ಎಂದಳು.

ಆ ಸಂಜೆ ಅತ್ತೆ ಗೇಟಿನ ಕಡೆ ನೋಡಲಿಲ್ಲ. ಟೀವಿ ನೋಡಿದರು. ಜೋರಾಗಿ ಸೌಂಡ್ ಇಟ್ಟು. ನಾನು ತಕರಾರು ಮಾಡಲಿಲ್ಲ.

ಇದನ್ನು ಬರೆಯುತ್ತಿರುವುದು ಶನಿವಾರ. ಬೆಳಿಗ್ಗೆಯೇ ಅಂಗಡಿಗೆ ಹೋಗಿ ರೋಜಿ ಬಾಯಿಯ ಎರಡು ಕಾಲು ತಂದುಕೊಟ್ಟೆ. ಬಾಯಿ ಎರಡನ್ನೂ ಪಕ್ಕ ಪಕ್ಕ ಹಿಡಿದು ನೋಡಿ, ಸೈಜ್ ಸರಿ ಇದೆ ಎಂದು ಒಪ್ಪಿಕೊಂಡರು.

ನಾಳೆ ಸುಜಾತ ಬರುತ್ತಾಳೆ. ಕೋಳಿ ಒಂದೇ, ಕಾಲು ಎರಡೇ. ಭಾವನ ಕೆನ್ನೆಯ ಊತ ಪೂರಾ ಇಳಿದಿದೆಯಂತೆ, ಉಳಿದ ಹಲ್ಲುಗಳೆಲ್ಲ ಗಟ್ಟಿಯಂತೆ, ಫೋನಿನಲ್ಲಿ ಅವಳೇ ಹೇಳಿದಳು. ಈಗ ಜಗಲಿಯಿಂದ ಅತ್ತೆ ಕೇಳುತ್ತಿದ್ದಾರೆ, “ನಾಳೆ ಕಾಲು ಯಾರಿಗೆ ಹಾಕ್ತೀಯೆ?” ಎಂದು.

ಮನೆಯ ಮಗಳ ತಟ್ಟೆಗೆ ಒಂದು ಕಾಲು ಬೀಳಬೇಕಾದರೆ, ಪ್ರತಿ ಸಲವೂ ಅಳಿಯನ ಹಲ್ಲು ಬೀಳಲೇಬೇಕೇ?